ಹೆಸರಷ್ಟೇ ಬದಲು

ಕೊಳೆತ ಮಾಂಸದಲ್ಲಿ ಮಿಜಿಗುಟ್ಟುವ ಬಿಳಿ ಹುಳುವಿಗೆ ನಮ್ಮಲ್ಲಿ ಮ್ಯಾಗಟ್ ಎನ್ನುತ್ತಾರೆ. ಓರ್ವಿಲ್ ಹಾಸ್ಕಿನ್ಸ್ ಹನ್ನೊಂದು ವರ್ಷ ಕೂತು ಬರೆದ ಪ್ರೋಗ್ರಾಮಿಗೆ ಇಟ್ಟದ್ದು ಅದೇ ಹೆಸರು. ಕೆಟ್ಟುಹೋದ ಡಿಸ್ಕಿನೊಳಗೆ ನುಗ್ಗಿ, ಸತ್ತ ಭಾಗವನ್ನು ಬಿಟ್ಟು, ಜೀವ ಇರುವುದನ್ನೆಲ್ಲ ತುಣುಕು ತುಣುಕಾಗಿ ಹೊರಗೆ ತರುವ ಪ್ರೋಗ್ರಾಂ. ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಬಾಯಿಮಾತಿಗೆ ಹೇಳುತ್ತಿಲ್ಲ, ಸಿಕ್ಕಿದ್ದನ್ನೆಲ್ಲ ತಂದು ಒಂದೇ ಸತ್ತ ಡಿಸ್ಕಿನ ಮೇಲೆ ಓಡಿಸಿ ನೋಡಿದವನು ನಾನು. ದುಡ್ಡು ತೆತ್ತು ಕೊಳ್ಳಬೇಕಾದವು ಅರ್ಧಕ್ಕೇ ಕೈಚೆಲ್ಲಿದವು. ಪುಕ್ಕಟೆ ಸಿಗುವ ಮ್ಯಾಗಟ್ ಕೊನೆಯ ತುಣುಕಿನವರೆಗೂ ಹೋಯಿತು.

ಆದರೂ ಅದನ್ನು ಬಳಸುತ್ತಿದ್ದವರು ಇಡೀ ಜಗತ್ತಿನಲ್ಲಿ ಒಂಬತ್ತು ಸಾವಿರ ಜನ. ಅವರೂ ಎಂಥವರು? ಗಡ್ಡ ಬಿಟ್ಟು, ಗ್ಯಾರೇಜಿನಲ್ಲಿ ಕೂತು, ಹಳೆ ಯಂತ್ರ ಬಿಚ್ಚುವ ನಮ್ಮಂಥವರು.

ನಾನು ವೇಡ್. ಹತ್ತನೇ ತರಗತಿಗೆ ಶಾಲೆ ಬಿಟ್ಟವನು. ಒಹಾಯೊದ ಮೇರಿಯನ್ ಊರಿನ ಹೊರಗೆ ಟೈರ್ ಗೋದಾಮಿನಲ್ಲಿ ಆರು ವರ್ಷ ಟೈರ್ ಎತ್ತಿ ಹಾಕಿದೆ. ರಜೆಯ ದಿನಗಳಲ್ಲಿ ಓರ್ವಿಲ್‌ನ ಗ್ಯಾರೇಜಿಗೆ ಹೋಗಿ ಪ್ರೋಗ್ರಾಂ ಬರೆಯುವುದು ಕಲಿತೆ. ನಾಲ್ಕು ವರ್ಷ ಮ್ಯಾಗಟ್‌ನಲ್ಲಿ ಕೆಲಸ ಮಾಡಿದೆ. ಹೊಸ ಆವೃತ್ತಿ ಬಂದಾಗ ಅದನ್ನು ಕಟ್ಟಿ, ಸಹಿ ಹಾಕಿ, ಎಲ್ಲರ ಯಂತ್ರಕ್ಕೂ ತಾನಾಗಿ ತಲುಪುವಂತೆ ಕಳಿಸುವ ಕೀಲಿಕೈಯನ್ನೂ ಮುದುಕ ನನ್ನ ಕೈಗೇ ಕೊಟ್ಟಿದ್ದ. "ನಂಗೆ ಆ ಗುಮಾಸ್ತಗಿರಿ ಆಗಲ್ಲ ಮರಿ, ನೀನೇ ನೋಡ್ಕೋ" ಎಂದಿದ್ದ. ನನ್ನ ಬಳಿ ಪದವಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಕೆಲಸಕ್ಕೆ ಅರ್ಜಿ ಹಾಕಿದರೆ ತೋರಿಸಲು ಇದ್ದದ್ದು ಮ್ಯಾಗಟ್ ಒಂದೇ.

ಕೊಲಂಬಸ್ ನಗರದ ಒಂದು ಕಂಪನಿ ನನ್ನನ್ನು ಕರೆಯಿತು. ಎದುರಿಗೆ ಇಬ್ಬರು, ಇಸ್ತ್ರಿ ಮಾಡಿದ ಮುಖದವರು. ಒಬ್ಬ ನನ್ನ ಅರ್ಜಿಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡ.

"ಅನುಭವ ಅನ್ನೋ ಕಡೆ ಏನೋ ಬರ್ದಿದ್ದೀರಲ್ಲ. ಮ್ಯಾ... ಮ್ಯಾಗಟ್?"

"ಹೌದು. ಸತ್ತ ಡಿಸ್ಕಿಂದ ಫೈಲ್ ವಾಪಸ್ ತೆಗೆಯೋದು."

"ಹುಳ?"

"ಹೆಸರು ಅದು."

ಇನ್ನೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. "ಸಾರಿ. ಈಗಷ್ಟೇ ಊಟ ಮುಗಿಸ್ಬಂದೆ ನಾನು."

"ಅಲ್ಲ ಗುರು," ಎಂದ ಮೊದಲನೆಯವನು, "ನಾಳೆ ನಾವು ಒಂದು ಆಸ್ಪತ್ರೆಗೆ ಹೋಗಿ, ನಿಮ್ಮ ರೋಗಿಗಳ ದಾಖಲೆಗೆಲ್ಲ ಮ್ಯಾಗಟ್ ಬಿಡ್ತೀವಿ ಅಂದ್ರೆ ಏನಂತಾರೆ ಹೇಳಿ?"

ನಗು ಮುಗಿಯುವವರೆಗೂ ನಾನು ಕೂತಿದ್ದೆ. ಒಳಗಿನ ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ ಅವರು. ಹೊರಗೆ ಬರುವಾಗ ಆ ಹುಡುಗಿ ನನಗೆ ಒಂದು ಬಾಟಲಿ ನೀರು ಕೊಟ್ಟು ಕಳಿಸಿದಳು.

ಅಲ್ಲಿಂದ ನೇರ ಓರ್ವಿಲ್‌ನ ಮನೆಗೆ ಹೋದೆ. ಮುದುಕ ಬೊಲೋನಾ ಮಾಂಸದ ಬಿಲ್ಲೆ ಹುರಿದು ಬ್ರೆಡ್ಡಿನ ನಡುವೆ ಇಟ್ಟು ನನ್ನ ಮುಂದೆ ತಳ್ಳಿದ. ಗ್ಯಾರೇಜಿನ ಮೇಜಿನ ಮೇಲೆ ಒಂದು ಡಿಸ್ಕ್ ಬತ್ತಲೆಯಾಗಿ ಕೂತಿತ್ತು. ಅದಕ್ಕೆ ಗಾಳಿ ಬೀಸಲು ಒಂದು ಪುಟ್ಟ ಫ್ಯಾನು.

"ಹೆಸರು ಬದಲಾಯಿಸೋಣ ಓರ್ವಿಲ್," ಎಂದೆ.

"ಬೇಡ."

"ಯಾಕೆ ಬೇಡ? ಮೊನ್ನೆ ಆ ಶಾಲಾ ಮಂಡಳಿಯವರು ಏನು ಬರೆದ್ರು? ಪ್ರೋಗ್ರಾಂ ಅದ್ಭುತ, ಆದ್ರೆ ಮಕ್ಕಳ ಪರದೆ ಮೇಲೆ ಆ ಪದ ಬರಬಾರ್ದು ಅಂತ. ನೂರಾ ಎಂಬತ್ತು ಶಾಲೆ! ಒಂದು ಪದಕ್ಕೆ ಹೋಯ್ತು."

"ಹೋಗ್ಲಿ ಬಿಡು."

"ನಿಂಗೆ ಹೋಗ್ಲಿ. ನಿಂಗೆ ಪಿಂಚಣಿ ಬರತ್ತೆ. ನಾನು ನಾಳೆ ಬೆಳಗ್ಗೆ ಮತ್ತೆ ಟೈರ್ ಎತ್ಬೇಕು."

ಮುದುಕ ಬಾಯಲ್ಲಿದ್ದದ್ದನ್ನು ಜಗಿದು ನುಂಗಿದ. ಆಮೇಲೆ, ನಾಲ್ಕು ವರ್ಷದಲ್ಲಿ ಯಾರಿಗೂ ಹೇಳದಿದ್ದನ್ನು ಹೇಳಿದ.

ಅವನ ಹೆಂಡತಿ ಆರ್ಡಿತ್ ಸತ್ತು ಹತ್ತು ವರ್ಷವಾಗಿತ್ತು. ಗ್ರೇಂಜ್ ಎಂಬ ರೈತ ಸಂಘದ ಸಭಾಂಗಣದಲ್ಲಿ ಶನಿವಾರದ ಚೌಕ ಕುಣಿತಕ್ಕೆ ಅವಳೇ ಕೂಗು ಹೇಳುವವಳು. ಎಂಟೆಂಟು ಜನ ಚೌಕವಾಗಿ ನಿಂತರೆ, ಯಾರು ಯಾರ ಕೈ ಹಿಡಿಯಬೇಕು, ಯಾವಾಗ ತಿರುಗಬೇಕು ಎಂದು ಪಿಟೀಲಿನ ಲಯಕ್ಕೆ ಕೂಡಿಸಿ ಕೂಗುವ ಕೆಲಸ. ಸುತ್ತಲ ನಾಲ್ಕು ಕೌಂಟಿಗಳಲ್ಲಿ ಆರ್ಡಿತ್‌ಳ ಕೂಗಿಗೆ ಕುಣಿಯದ ಕಾಲಿರಲಿಲ್ಲವಂತೆ.

"ಸಕ್ಕರೆ ಕಾಯ್ಲೆ ಇತ್ತು ಕಣೋ ಅವಳಿಗೆ. ಎಡಪಾದದಲ್ಲಿ ಗಾಯ. ಕಾಲು ತೆಗೀಬೇಕು ಅಂತ ಮೂರು ಜನ ಡಾಕ್ಟ್ರು ಅಂದ್ರು. ನಾಲ್ಕನೆಯವಳು, ಇನ್ನೂ ಸಣ್ಣ ಹುಡುಗಿ, ಒಂದು ಡಬ್ಬೀಲಿ ಈ ಹುಳ ತಂದ್ಲು. ಗಾಯದೊಳಗೆ ಬಿಟ್ಟು ಪಟ್ಟಿ ಕಟ್ಟಿದ್ಲು. ಕೊಳೆತದ್ದನ್ನ ಮಾತ್ರ ತಿಂತವೆ, ಜೀವ ಇರೋದನ್ನ ಮುಟ್ಟಲ್ಲ. ಆರು ದಿನ. ಆಮೇಲೆ ಎರಡು ವರ್ಷ ಆರ್ಡಿತ್ ನಿಂತ್ಕೊಂಡು ಕೂಗಿದ್ಲು. ಕುರ್ಚೀಲಿ ಕೂತಲ್ಲ, ನಿಂತ್ಕೊಂಡು." ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟ. "ಆ ಹುಳಕ್ಕೆ ನಾನು ಬೇರೆ ಹೇಗೆ ಥ್ಯಾಂಕ್ಸ್ ಹೇಳ್ಲಿ?"

ಅವನು ಮೇಜಿನ ಮೇಲಿನ ಡಿಸ್ಕಿನ ಕಡೆ ಗಲ್ಲ ಎತ್ತಿ ತೋರಿಸಿದ.

"ರೆಕಾರ್ಡ್ ಮಾಡಿದ ಅವಳ ಕೂಗೆಲ್ಲ ಅದ್ರಲ್ಲಿದೆ. ಒಂಬತ್ತು ವರ್ಷದ ಶನಿವಾರ. ಕಪಾಟಿಂದ ಬಿತ್ತು. ದಿನಾ ಬೆಳಗ್ಗೆ ಆರರಿಂದ ಎಂಟು ಮಾತ್ರ ಓಡಿಸ್ತೀನಿ, ಆಮೇಲೆ ತಣ್ಣಗಾಗೋಕೆ ಬಿಡ್ತೀನಿ. ಅದಕ್ಕಿಂತ ಜಾಸ್ತಿ ತಡಿಯಲ್ಲ ಅದು. ನೂರಕ್ಕೆ ಐವತ್ತೆಂಟು ಪಾಲು ಬಂದಿದೆ."

"ಕೇಳಿದ್ಯಾ?"

"ಇಲ್ಲ. ಪೂರ್ತಿ ಬರ್ಲಿ."

"ಬಂದಷ್ಟನ್ನ ಇನ್ನೊಂದು ಕಡೆ ಕಾಪಿ ಮಾಡಿಟ್ಟಿದ್ಯಾ?"

"ಪೂರ್ತಿ ಬರ್ಲಿ, ಒಟ್ಟಿಗೇ ಮಾಡಿದ್ರಾಯ್ತು."

ಊರವರ ಡಿಸ್ಕನ್ನೆಲ್ಲ ಬದುಕಿಸಿ, ಎಲ್ಲರಿಗೂ "ಎರಡು ಪ್ರತಿ ಇಟ್ಕೊಳ್ರಯ್ಯಾ" ಎಂದು ಬೈಯುತ್ತಿದ್ದ ಮುದುಕ ಇವನೇ.

ಇಂಥ ನಿಧಾನದ ಕೆಲಸಕ್ಕೆಂದೇ ಮ್ಯಾಗಟ್‌ನಲ್ಲಿ ಒಂದು ನಕ್ಷೆ ಇತ್ತು. ಯಾವ ತುಣುಕು ಬಂದಿದೆ, ಯಾವುದು ಸತ್ತಿದೆ, ನಾಳೆ ಎಲ್ಲಿಂದ ಶುರು ಮಾಡಬೇಕು ಎಂದು ಬರೆದಿಡುವ ಚಿಕ್ಕ ಫೈಲು. ಮ್ಯಾಗಟ್ ಎದ್ದ ಕೂಡಲೇ ಮೊದಲು ಆ ನಕ್ಷೆಯನ್ನು ಹುಡುಕುತ್ತದೆ. ಸಿಕ್ಕಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಸಿಗದಿದ್ದರೆ ಇದು ಹೊಸ ಕೆಲಸ ಎಂದುಕೊಂಡು, ಉಳಿಸಿಡುವ ಜಾಗವನ್ನು ಮರಳಿ ಏನೂ ಸಿಗದಂತೆ ಗುಡಿಸಿ ಖಾಲಿ ಮಾಡಿ, ಡಿಸ್ಕನ್ನು ಮೊದಲಿನಿಂದ ಪೂರಾ ವೇಗದಲ್ಲಿ ಓದಲು ಹೊರಡುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಭಾಗವನ್ನು ಎರಡು ಸಲ ತಿದ್ದಿ ಬರೆದವನೇ ನಾನು.

ಮುದುಕನ ಕತೆ ಕೇಳಿ ನನಗೆ ಕರುಳು ಚುರ್ ಎನ್ನಬೇಕಿತ್ತು. ಎನ್ನಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅನ್ನಿಸಿದ್ದು ಒಂದೇ: ನಾನು ಹೊತ್ತು ತಿರುಗುತ್ತಿರುವುದು ಯಾವಳೋ ಹೆಂಗಸಿನ ಗಾಯವನ್ನು.

ಮುಂದಿನ ರಜೆಯಲ್ಲಿ ನಾನು ಕವಲು ತೆಗೆದೆ. ನಮ್ಮ ಲೋಕದಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬರೆದವನ ಹೆಸರೊಂದನ್ನು ಮೂಲೆಯಲ್ಲಿ ಉಳಿಸಿದರೆ ಸಾಕು, ಯಾರ ಪ್ರೋಗ್ರಾಮನ್ನು ಬೇಕಾದರೂ ಪೂರ್ತಿಯಾಗಿ ಎತ್ತಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಬಹುದು. ನಾನು ಇಟ್ಟ ಹೆಸರು ಹಾರ್ಬರ್. ಹಡಗು ಬಂದು ತಂಗುವ ಜಾಗ. ನಮ್ಮ ಮೇರಿಯನ್ನಿನಿಂದ ಸಮುದ್ರ ಐನೂರು ಮೈಲಿ ದೂರ, ಆದರೆ ಯಾರಿಗೆ ಬೇಕು ಅದು?

ಹೆಸರು ಬದಲಿಸಲು ಒಂದೇ ಒಂದು ಸಾಲಿನ ಆದೇಶ. ಎಲ್ಲ ಫೈಲುಗಳನ್ನೂ ಹೊಕ್ಕು, ಮ್ಯಾಗಟ್ ಎಂದಿರುವಲ್ಲೆಲ್ಲ ಹಾರ್ಬರ್ ಎಂದು ಹಾಕು. ಸಾವಿರದ ನಾನೂರ ಹನ್ನೆರಡು ಕಡೆ ಬದಲಾಯಿತು. ಒಂದು ಸೆಕೆಂಡೂ ಹಿಡಿಯಲಿಲ್ಲ. ಒಂದೊಂದನ್ನೂ ತೆರೆದು ನೋಡಬೇಕಿತ್ತು, ನೋಡಲಿಲ್ಲ. ಕೊಲಂಬಸ್ಸಿನ ಆ ಇಬ್ಬರ ಮುಖ ನೆನೆಸಿಕೊಂಡು ಗುಂಡಿ ಒತ್ತಿದೆ, ಅಷ್ಟೇ.

ನೀಲಿ ಅಲೆಯ ಒಂದು ಚಿತ್ರ ಹಾಕಿ ಪುಟ ತೆರೆದೆ. "ನಿಮ್ಮ ನೆನಪುಗಳಿಗೊಂದು ದಡ" ಎಂದು ಬರೆದೆ. ಬರೆಯುವಾಗ ನನಗೇ ವಾಕರಿಕೆ ಬಂತು.

ನಾಲ್ಕು ದಿನದಲ್ಲಿ ಮೂವತ್ತೊಂದು ಸಾವಿರ ಜನ ಇಳಿಸಿಕೊಂಡರು. ನಾಲ್ಕು ದಿನ! ಹನ್ನೊಂದು ವರ್ಷಕ್ಕೆ ಒಂಬತ್ತು ಸಾವಿರ, ನಾಲ್ಕು ದಿನಕ್ಕೆ ಮೂವತ್ತೊಂದು ಸಾವಿರ. ಕೆಳಗೆ ಅವರು ಬರೆದದ್ದನ್ನು ಓದಬೇಕಿತ್ತು ನೀವು. "ಹಿಂದೆ ಮ್ಯಾಗಟ್ ಅಂತ ಒಂದು ಬಳಸಿದ್ದೆ, ಹಾರ್ಬರ್ ಅದಕ್ಕಿಂತ ತುಂಬಾ ವೇಗ." "ಮ್ಯಾಗಟ್ ನಂಬಿಕೆಗೆ ಅರ್ಹ ಅಲ್ಲ ಅನ್ನಿಸ್ತಿತ್ತು, ಇದು ಹಾಗಲ್ಲ." ಒಂದು ಅಕ್ಷರವೂ ಬೇರೆಯಿಲ್ಲದ ಎರಡು ಪ್ರೋಗ್ರಾಮುಗಳು. ಇಂಥವರೇ ನನ್ನ ಅರ್ಜಿಯನ್ನು ಬೆರಳ ತುದಿಯಲ್ಲಿ ಹಿಡಿದಿದ್ದ ಓದಿದ ಜನ.

ಅದನ್ನೆಲ್ಲ ಅಚ್ಚು ಹಾಕಿಸಿ ಓರ್ವಿಲ್‌ನ ಮುಂದೆ ಇಟ್ಟೆ. ಅವನು ಕನ್ನಡಕ ಏರಿಸಿ, ನಿಧಾನಕ್ಕೆ ಕೊನೆಯ ಸಾಲಿನವರೆಗೂ ಓದಿದ.

"ಜನ ಪೆದ್ದರು ಅಂತ ನಂಗೆ ಮೊದ್ಲೇ ಗೊತ್ತಿತ್ತು ಮರಿ. ಅದನ್ನ ಸಾಬೀತು ಮಾಡೋಕೆ ನೀನು ಇಷ್ಟು ಕಷ್ಟಪಟ್ಯಾ?"

"ಒಳಗೆ ಏನೂ ಮುಟ್ಟಿಲ್ಲ ಓರ್ವಿಲ್. ಹೆಸರಷ್ಟೇ ಬದಲು. ಒಪ್ಕೋ."

"ನೀನು ಹಾರ್ಬರ್ ಇಟ್ಕೋ. ಯಾರು ಬೇಡ ಅಂದ್ರು? ನನ್ನ ಹುಳನ ನಂಗೆ ಬಿಡು."

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಎರಡು ಹೆಸರು ಪಕ್ಕಪಕ್ಕ ಇದ್ದರೆ ಯಾರಾದರೂ ಒಂದು ದಿನ "ಇದು ಆ ಹುಳವೇ ಅಲ್ವಾ" ಎಂದು ಕೇಳಿಯೇ ಕೇಳುತ್ತಾರೆ. ನಾನು ನಮ್ಮ ಬಳಗದ ಮುಂದೆ ಮತಕ್ಕೆ ಇಟ್ಟೆ: ಮ್ಯಾಗಟ್ ಮುಚ್ಚೋಣ, ಎಲ್ಲರೂ ಹಾರ್ಬರ್‌ಗೆ ಬರೋಣ. ಪ್ರೋಗ್ರಾಮಿನಲ್ಲಿ ಕೈಯಿಟ್ಟವರೆಲ್ಲ ಸೇರುವ ಪತ್ರಬಳಗ ಅದು. ಒಪ್ಪಿದವರು 'ಕೂಡು ಒಂದು' ಎಂದು ಹಾಕುತ್ತಾರೆ, ಒಪ್ಪದವರು 'ಕಳೆ ಒಂದು'.

ಎರಡು ದಿನ ಮುದುಕನನ್ನು ಹುರಿದು ಮುಕ್ಕಿದರು. ಆರೆಗಾನಿನ ಪೈಕ್ ಎಂಬುವನು ಎಲ್ಲರಿಗಿಂತ ಮುಂದೆ. "ಅಜ್ಜ, ನಿನ್ನ ಹುಳನ ಮೀನುಗಾಳಕ್ಕೆ ಸಿಕ್ಸು" ಎಂದ. "ಮುದುಕಪ್ಪಾ, ಮುಂದಿನದಕ್ಕೆ ಕೀವು ಅಂತ ಹೆಸರಿಡು, ಜೋಡಿ ಆಗತ್ತೆ" ಎಂದ. ಓರ್ವಿಲ್ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: ಹೆಸರಿಗೆ ಕಾರಣ ಇದೆ, ಅದು ನನ್ನದು, ಬದಲಿಸುವುದಿಲ್ಲ.

ಬಳಗದಲ್ಲಿ ಹಳಬರಿದ್ದರು. ಕಾರಣ ಇದೆ ಎಂದ ಕೂಡಲೇ ಅವರು ಮೆತ್ತಗಾದರು. ಎಣಿಕೆ ಕೂಡು ಹತ್ತೊಂಬತ್ತು, ಕಳೆ ಹದಿನೆಂಟು ಆಯಿತು. ನನಗೆ ತಲೆಗೆ ರಕ್ತ ಏರಿತು. ಎಲ್ಲರೂ ಓದುವಂತೆ ಬರೆದೆ: "ಕಾರಣ ನಾನು ಹೇಳುತ್ತೇನೆ. ಇವನ ಹೆಂಡತಿಯ ಕೊಳೆತ ಕಾಲಿಗೆ ಬಿಟ್ಟ ಹುಳ ಅದು. ಸತ್ತವಳ ಪಾದದ ನಾತವನ್ನು ನಾವೆಲ್ಲ ಯಾಕೆ ಹೊರಬೇಕು?"

ಗಂಟೆಯೊಳಗೆ ಪೈಕ್ ಒಂದು ಚಿತ್ರ ಹುಡುಕಿ ಹಾಕಿದ. ಯಾರದೋ ಪಾದ, ಅದರ ತುಂಬ ಹುಳ. ಕೆಳಗೆ "ನಮ್ಮ ಲಾಂಛನ" ಎಂದು ಬರೆದಿದ್ದ. ನಲವತ್ತು ಜನ ನಕ್ಕರು. ಕಳೆ ಎಂದಿದ್ದ ಹಲವರು ಮತ ಬದಲಿಸಿದರು, ಮಾರನೆಯ ದಿನ ಎಣಿಕೆ ಮುಗಿಯಿತು. ನಲವತ್ತೊಂದು ಕೂಡು, ಆರು ಕಳೆ. ಓರ್ವಿಲ್ ಮತ ಹಾಕಲೇ ಇಲ್ಲ. ಬಳಗದಿಂದ ತನ್ನ ಹೆಸರನ್ನು ತಾನೇ ತೆಗೆದುಕೊಂಡು ಹೋಗಿದ್ದ.

ಕೀಲಿಕೈ ನನ್ನ ಬಳಿ ಇತ್ತೆಂದು ಹೇಳಿದೆನಲ್ಲ. ಅದನ್ನು ಬಳಸಿದೆ. ಮ್ಯಾಗಟ್ ಇದ್ದ ಯಂತ್ರಕ್ಕೆಲ್ಲ ಒಂದು ಕೊನೆಯ ಆವೃತ್ತಿ ಕಳಿಸಿದೆ. ಅದು ಖಾಲಿ ಡಬ್ಬಿ. ಹಳೆಯದನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಹಾರ್ಬರ್ ಕೂರಿಸುವುದಷ್ಟೇ ಅದರ ಕೆಲಸ. ಮ್ಯಾಗಟ್ ಎಂದು ಕರೆದರೂ ಹಾರ್ಬರ್ ಎದ್ದು ಬರುತ್ತದೆ. "ಹಳೆಯ ಬಳಕೆದಾರರಿಗೆ ತೊಂದರೆ ಆಗದಿರಲಿ ಎಂದು" ಅಂತ ವಿವರಣೆಯಲ್ಲಿ ಬರೆದೆ. ಸುಳ್ಳು. ಬೇಫೋರ್ಡ್ ಎಂಬ ಕಂಪನಿ ಹಾರ್ಬರನ್ನು ಕೈಗೆತ್ತಿಕೊಂಡು ನನಗೆ ಕೆಲಸ ಕೊಡುವ ಮಾತಾಡುತ್ತಿತ್ತು, ಆ ಒಂಬತ್ತು ಸಾವಿರವೂ ನನ್ನ ಎಣಿಕೆಗೆ ಬೇಕಿತ್ತು.

ಬೇಫೋರ್ಡ್‌ನ ಟ್ಯಾಮ್ಸಿನ್ ಕೀಲರ್ ನನ್ನ ಜೊತೆ ಮಾತಾಡಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಹೆಸರಿನದೇ.

"ಹಾರ್ಬರ್! ಎಷ್ಟು ಸುರಕ್ಷಿತ ಅನ್ಸತ್ತೆ ಅಲ್ವಾ? ನಿಂಗೇ ಹೊಳೆದಿದ್ದಾ? ಇದು ಕಾಲೇಜಲ್ಲಿ ಕಲಿಯೋ ವಿದ್ಯೆ ಅಲ್ಲ ನೋಡು. ಹಾಂ, ಪದವಿ ಇಲ್ಲ ಅಂದ್ಯಲ್ಲ, ನಿನ್ನ ಕೆಲಸ ಗೊತ್ತಿರೋರು ಯಾರಾದ್ರೂ ಒಬ್ರು ಎರಡು ಮಾತು ಹೇಳ್ಬೇಕು. ನಮ್ಮ ನಿಯಮ."

ನನ್ನ ಕೆಲಸ ಗೊತ್ತಿದ್ದವನು ಒಬ್ಬನೇ. ಅವನ ನಂಬರನ್ನೇ ಬರೆದುಕೊಟ್ಟೆ. ಬರೆಯುವಾಗಲೇ ಗೊತ್ತಿತ್ತು, ಕೆಲಸ ಹೋಯಿತೆಂದು.

ಎರಡು ದಿನ ಬಿಟ್ಟು ಟ್ಯಾಮ್ಸಿನ್ ಫೋನ್ ಮಾಡಿದಳು. "ಎಂಥಾ ಒಳ್ಳೇ ಮನುಷ್ಯ ಅವ್ರು! ನನ್ನ ಕೈಕೆಳಗೆ ಬಂದವರಲ್ಲಿ ಇವನಷ್ಟು ಚುರುಕು ಯಾರೂ ಇಲ್ಲ, ಗೋದಾಮಲ್ಲಿ ಕೊಳೀಬಾರ್ದು ಇವನು ಅಂದ್ರು. ಸೋಮವಾರ ಬಾ."

ಅವನಿಗೆ ಫೋನ್ ಮಾಡಿ ಒಂದು ಮಾತು ಹೇಳಬೇಕು ಎಂದುಕೊಂಡೆ. ಮಾಡಲಿಲ್ಲ.

ಗೋದಾಮಿನವರಿಗೆ ಕೈಬೀಸಿ ಬಂದು ಬೇಫೋರ್ಡ್‌ನ ಕುರ್ಚಿಯಲ್ಲಿ ಕೂತ ಎರಡನೆಯ ವಾರ. ಹಾರ್ಬರ್‌ನ ದೂರುಗಳ ಪುಟದಲ್ಲಿ ಒಂದು ಹೊಸ ದೂರು ಕಾಣಿಸಿತು. ದೂರು ಕೊಡುವವರು ತುಂಬಬೇಕಾದ ಮೂರು ಪ್ರಶ್ನೆಯ ನಮೂನೆಯನ್ನು ಮ್ಯಾಗಟ್‌ನ ಕಾಲದಲ್ಲೇ ಓರ್ವಿಲ್ ಮಾಡಿದ್ದ. ಅದನ್ನೇ ನಾನು ಎತ್ತಿಕೊಂಡಿದ್ದೆ. ದೂರು ಅವನದೇ.

ಏನು ಮಾಡಿದಿರಿ: ಏನೂ ಮಾಡಲಿಲ್ಲ. ಶನಿವಾರ ಬೆಳಗ್ಗೆ ಗ್ರೇಂಜ್‌ನಲ್ಲಿ ಪ್ಯಾನ್‌ಕೇಕ್ ಊಟಕ್ಕೆ ಹೋಗಿದ್ದೆ.

ಏನಾಗಬೇಕಿತ್ತು: ಆರು ಗಂಟೆಗೆ ತಾನಾಗಿ ಎದ್ದು, ನಕ್ಷೆ ನೋಡಿ, ತೊಂಬತ್ಮೂರನೇ ಪಾಲಿನಿಂದ ಮುಂದುವರಿಯಬೇಕಿತ್ತು.

ಏನಾಯಿತು: ತಿಂಗಳಿಗೊಮ್ಮೆ ಹೊಸ ಆವೃತ್ತಿ ಹುಡುಕುವ ನನ್ನ ಯಂತ್ರ ಶುಕ್ರವಾರ ರಾತ್ರಿ ಅದನ್ನು ತಾನೇ ತಂದುಕೊಂಡಿದೆ. ಹೊಸದು harbor.map ಎಂಬ ನಕ್ಷೆಯನ್ನು ಹುಡುಕಿದೆ. ನನ್ನ ನಕ್ಷೆಯ ಹೆಸರು maggot.map. ಸಿಗಲಿಲ್ಲ. ಉಳಿಸಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಡಿಸ್ಕ್ ಹದಿನೇಳು ನಿಮಿಷ ತಡೆದಿದೆ.

ಅದರ ಕೆಳಗೆ ಬೈಗುಳ ಇರಬಹುದೆಂದು ಹುಡುಕಿದೆ. ಇರಲಿಲ್ಲ. ನಮೂನೆಯಲ್ಲಿ ಬೈಯಲು ಜಾಗ ಇಟ್ಟಿರಲಿಲ್ಲ ಅವನು.

ಮೇರಿಯನ್ನಿಗೆ ಹೋದೆ. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಫ್ಯಾನು ಇನ್ನೂ ಡಿಸ್ಕಿಗೆ ಗಾಳಿ ಬೀಸುತ್ತಿತ್ತು. ಓರ್ವಿಲ್ ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಡಿಸ್ಕಿಗೆ ವಿದ್ಯುತ್ ಕೊಟ್ಟ. ಅದು ಟಿಕ್, ಟಿಕ್, ಟಿಕ್ ಎಂದಿತು. ಒಳಗಿನ ಮುಳ್ಳು ತಟ್ಟೆಯನ್ನು ಗೀರಿ ಹಾಳುಮಾಡಿದ ಸದ್ದು ಅದು. ಆ ಸದ್ದು ಬಂದ ಮೇಲೆ ಯಾರೂ ಏನೂ ಮಾಡಲಾಗದು. ಅದನ್ನು ನನಗೆ ಕಲಿಸಿದವನೂ ಅವನೇ.

"ಬಾ, ಕೂತ್ಕೋ. ನಕ್ಷೆ ತೋರಿಸ್ತೀನಿ."

"ಓರ್ವಿಲ್..."

"ಕೂತ್ಕೋ ಅಂದ್ನಲ್ಲ."

ಕೂತೆ. ಪರದೆಯ ತುಂಬ ಹಸಿರು ಚೌಕಗಳು, ನಡುವೆ ಅಲ್ಲಲ್ಲಿ ಕಪ್ಪು. ನಕ್ಷೆ ಮಾತ್ರ ಹಾಗೇ ಉಳಿದಿತ್ತು. ಹಾರ್ಬರ್‌ಗೆ ಅದು ಯಾರದೋ ಬೇರೆಯವರ ಫೈಲು, ಮುಟ್ಟಿರಲಿಲ್ಲ. ಏನೇನು ಉಳಿದಿತ್ತು ಎಂದು ಒಂದೊಂದು ತುಣುಕಿಗೂ ಲೆಕ್ಕ ಕೊಡುವ ನಕ್ಷೆ, ಉಳಿದದ್ದು ಏನೂ ಇಲ್ಲ.

ಅವನು ಬೆರಳಿಟ್ಟು ತೋರಿಸುತ್ತಾ ಹೋದ. "ಇಲ್ಲಿಂದ ಇಲ್ಲಿವರೆಗೆ ಕ್ರಾಫರ್ಡ್ ಕೌಂಟಿ ಸಂತೆ. ಮಳೆ ಬಂದು ಎಲ್ರೂ ದನದ ಕೊಟ್ಟಿಗೇಲಿ ಕುಣಿದ್ರು. ಇದು ಅವಳಿಗೆ ಗಂಟಲು ಕಟ್ಟಿದ ವಾರ. ಈ ಸಾಲಿದೆಯಲ್ಲ, ಇದು ಕಾಲು ವಾಸಿ ಆದ್ಮೇಲೆ ಮೊದಲ್ನೇ ಶನಿವಾರ. ಪೂರ್ತಿ ಹಸಿರು ನೋಡು. ಒಂದೂ ಕಪ್ಪಿಲ್ಲ."

"ಕೇಳಿರ್ಲಿಲ್ವಾ ಒಂದನ್ನೂ?"

"ಪೂರ್ತಿ ಬರ್ಲಿ ಅಂತಿದ್ದೆ."

"ನಂಗೆ ಗೊತ್ತಿರ್ಲಿಲ್ಲ ಓರ್ವಿಲ್."

ಅವನು ಆಗ ಮೊದಲ ಸಲ ನನ್ನ ಮುಖ ನೋಡಿದ. "ಸುಳ್ಳು ಹೇಳ್ಬೇಡ. ನಕ್ಷೆ ಹುಡುಕೋ ಭಾಗ ನೀನೇ ಬರ್ದಿದ್ದು. ಹೆಸರು ಹಿಡ್ಕೊಂಡೇ ಹುಡುಕತ್ತೆ ಅಂತ ನಿಂಗೆ ಗೊತ್ತಿತ್ತು. ನೋಡ್ಲಿಲ್ಲ ಅನ್ನು, ಒಪ್ತೀನಿ."

"ನೋಡ್ಲಿಲ್ಲ."

"ಹಾಂ." ಪರದೆ ಆರಿಸಿದ. "ನನ್ನಂಗೆ ಅರ್ಧ ದಾರೀಲಿ ಇರೋರು ಇನ್ನೂ ಇರ್ತಾರೆ. ಒಂಬತ್ತು ಸಾವಿರದಲ್ಲಿ ನೂರು ಜನ ಇರಲ್ವಾ? ಹಳೆ ಹೆಸರಿನ ನಕ್ಷೆ ಇದ್ರೆ ಅದನ್ನೂ ತಗೋ ಅಂತ ಬರಿ. ನಾಲ್ಕು ಸಾಲು. ಬೇಗ ಕಳಿಸು. ನೀನು ನಂಗೆ ಮಾಡೋದು ಏನೂ ಇಲ್ಲ, ಅಷ್ಟು ಮಾಡು."

ಮಾಡಿದೆ. ಬೇಫೋರ್ಡ್‌ಗೆ ಮರಳಿ ಬಂದು ಕೋಟು ಕೂಡ ತೆಗೆಯದೆ ನಾಲ್ಕು ಸಾಲು ಬರೆದೆ. ಕಳಿಸಿದೆ. ಅದು ಕೆಂಪು ಗುರುತು ಹೊತ್ತು ನನಗೇ ತಿರುಗಿ ಬಂತು. ನಿಷೇಧಿತ ಪದ.

ಟ್ಯಾಮ್ಸಿನ್‌ಳ ಕೋಣೆಗೆ ಹೋದೆ.

"ಓ, ಅದಾ? ಹೆಸರು ಕಾಯೋ ವಿಭಾಗದವರು ಹಾಕಿರೋ ಕಾವಲು. ಆ ಹಳೇ ಪದ ಹಾರ್ಬರ್‌ನ ಯಾವ ಫೈಲಲ್ಲೂ ಬರಬಾರ್ದು. ನಾಳೆ ಆಸ್ಪತ್ರೆಯವರು ಒಳಗಡೆ ತೆರೆದು ನೋಡಿದ್ರೆ ಹುಳ ಕಾಣಿಸ್ಬೇಕಾ?"

"ಆ ಪದ ಇಲ್ದೆ ಹಳೇ ನಕ್ಷೆ ಹುಡುಕೋಕಾಗಲ್ಲ. ಜನರ ಡಿಸ್ಕ್ ಸಾಯ್ತಿದೆ."

"ಎಷ್ಟು ಜನ?"

"ಒಬ್ಬರದ್ದು ಸತ್ತಾಯ್ತು. ನೂರು ಇರ್ಬಹುದು."

"ನಮ್ಮತ್ರ ಈಗ ಎರಡು ಲಕ್ಷ ಜನ ಇದ್ದಾರೆ ವೇಡ್." ಅವಳ ದನಿಯಲ್ಲಿ ಕೋಪವೇ ಇರಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದಳು. "ಅವ್ರು ಬಳಸ್ತಿದ್ದದ್ದು ಬೇರೆ ಪ್ರೋಗ್ರಾಂ. ಬೇರೆ ಹೆಸರು. ಅದಕ್ಕೆ ನಾವು ಹೊಣೆ ಅಲ್ಲ. ನಾಳೆ ಎರಡನೇ ಆವೃತ್ತಿ ಹೊರಗೆ ಬರ್ಬೇಕು. ಫೈಲ್ ಅಳಿಸಿಹೋಯ್ತು ಅನ್ನೋ ದೂರು ಒಂದು ತೆರೆದಿದ್ರೂ ಹೊರಗೆ ಬಿಡಲ್ಲ, ನಿಂಗೆ ಗೊತ್ತು. ಮುಚ್ಚು ಅದನ್ನ. ಯಾರದ್ದು ಅದು?" ಇಣುಕಿ ಓದಿದಳು. "ಅರೆ, ನಿನ್ನ ಬಗ್ಗೆ ಅಷ್ಟು ಒಳ್ಳೇ ಮಾತಾಡಿದ್ರಲ್ಲ, ಅವ್ರೇ ಅಲ್ವಾ? ಬೇಜಾರು ಮಾಡ್ಕೊಳ್ಳಲ್ಲ ಬಿಡು."

ಎದ್ದು ಹೋಗಬಹುದಿತ್ತು. ಗೋದಾಮಿನವರು ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಕೀಲಿಕೈ ಇನ್ನೂ ನನ್ನ ಬಳಿ ಇತ್ತು. ಹಳೆಯ ಮ್ಯಾಗಟನ್ನೇ ಹಳೆಯ ಹೆಸರಿನಲ್ಲಿ ಆ ಒಂಬತ್ತು ಸಾವಿರ ಯಂತ್ರಕ್ಕೂ ವಾಪಸ್ ಕಳಿಸಬಹುದಿತ್ತು. ಅರ್ಧ ಗಂಟೆಯ ಕೆಲಸ. ಅಷ್ಟು ಮಾಡಿದ್ದರೆ ಮಾರನೆಯ ಬೆಳಗ್ಗೆಯೇ ನಾನು ಬೀದಿಯಲ್ಲಿ.

ನನ್ನ ಕುರ್ಚಿಗೆ ಮರಳಿದೆ. ದೂರು ಮುಚ್ಚುವಾಗ ಕಾರಣ ಆರಿಸಬೇಕು. ಪಟ್ಟಿಯಲ್ಲಿ ಐದು ಕಾರಣಗಳಿರುತ್ತವೆ. ನಾನು ಆರಿಸಿದ್ದು ಎರಡನೆಯದು: "ಉದ್ದೇಶಿಸಿದಂತೆಯೇ ಕೆಲಸ ಮಾಡುತ್ತಿದೆ."

ಎರಡನೇ ಆವೃತ್ತಿ ಹೊರಬಂತು. ಕೇಕ್ ಕತ್ತರಿಸಿದರು. ಕೇಕಿನ ಮೇಲೆ ನೀಲಿ ಅಲೆ. ಆ ವಾರ ನೆಬ್ರಾಸ್ಕದಿಂದ ಒಂದು ದೂರು ಬಂತು, ಎಪ್ಪತ್ತೊಂದು ಪಾಲು ಉಳಿಸಿದ್ದೆ ಎಂದು. ಮೈನ್ ರಾಜ್ಯದ ಒಬ್ಬ ತಾಯಿಯಿಂದ ಒಂದು, ಮಗನ ಫೋಟೋಗಳಂತೆ. ಕಾರಣ ಎರಡನೆಯದು, ಮತ್ತೆ ಎರಡನೆಯದು. ಈಗ ನನ್ನ ಬೆರಳು ಪಟ್ಟಿಯನ್ನು ಓದುವುದೇ ಇಲ್ಲ.

ದೂರು ಮುಚ್ಚಿದ ಕೂಡಲೇ ದೂರಿತ್ತವರಿಗೆ ಕಂಪನಿಯ ಯಂತ್ರ ತಾನಾಗಿ ಒಂದು ಪತ್ರ ಕಳಿಸುತ್ತದೆ. ಹಾರ್ಬರ್ ಆರಿಸಿಕೊಂಡಿದ್ದಕ್ಕೆ ಧನ್ಯವಾದ, ನಿಮ್ಮ ಅನುಭವ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಯಾರೂ ಉತ್ತರ ಬರೆಯುವುದಿಲ್ಲ. ಓರ್ವಿಲ್ ಬರೆದ. ಒಂದು ನಕ್ಷತ್ರ ಕೊಟ್ಟು, ಕೆಳಗಿನ ಖಾಲಿ ಜಾಗದಲ್ಲಿ ಎರಡೇ ಪದ ಬರೆದಿದ್ದ: "ಹೆಸರು ಚೆನ್ನಾಗಿದೆ."

ಟ್ಯಾಮ್ಸಿನ್‌ಗೆ ಅದು ತುಂಬ ಹಿಡಿಸಿತು. ನಕ್ಷತ್ರ ತೆಗೆದು ಆ ಎರಡು ಪದಗಳನ್ನು ಹಾರ್ಬರ್‌ನ ಮೊದಲ ಪುಟಕ್ಕೆ ಹಾಕಿಸಿದಳು. ಈಗಲೂ ಇದೆ, ನೀಲಿ ಅಲೆಯ ಕೆಳಗೆ, ಮೂರನೆಯದು. "ಹೆಸರು ಚೆನ್ನಾಗಿದೆ." ಓರ್ವಿಲ್, ಒಹಾಯೊ.